ದೊಡ್ಡವಳಾಗುವುದು ಎಂದರೆ

ಮೈನೆರೆದ ಹುಡುಗಿಯನ್ನು ನಾವು 'ದೊಡ್ಡವಳಾದಳು' ಎನ್ನುತ್ತೇವೆ. ಅದು ಮೈಯ ಲೆಕ್ಕ. ಮನಸ್ಸು ದೊಡ್ಡದಾದ ದಿನಕ್ಕೆ ಆರತಿಯೂ ಇಲ್ಲ, ಶಾಸ್ತ್ರವೂ ಇಲ್ಲ. ಶೀಲಾ ಡೆಲನಿಯ 'ಎ ಟೇಸ್ಟ್ ಆಫ್ ಹನಿ' ನಾಟಕ ಓದುವಾಗ ನನ್ನನ್ನು ಕಾಡಿದ್ದು ಈ ಎರಡರ ನಡುವಿನ ಅಂತರ.

ಡೆಲನಿ ಇಂಗ್ಲೆಂಡಿನ ಸಾಲ್ಫರ್ಡ್ ಎಂಬ ಕಾರ್ಮಿಕರ ಊರಿನವಳು. 1958ರಲ್ಲಿ ಜೋನ್ ಲಿಟಲ್‌ವುಡ್ ಲಂಡನ್ನಿನಲ್ಲಿ ಈ ನಾಟಕ ಆಡಿಸಿದಾಗ ಆಕೆಗೆ 19 ವರ್ಷ.

ಜೋ ಇನ್ನೂ ಶಾಲೆಯ ಹುಡುಗಿ. ತಾಯಿ ಹೆಲೆನ್ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಅವಳನ್ನು ಎಳೆದುಕೊಂಡು ತಿರುಗುತ್ತಾಳೆ. ಹಣವಂತನೊಬ್ಬ ಸಿಕ್ಕಿದ್ದೇ ತಡ, ಮಗಳನ್ನು ಬಿಟ್ಟು ಮದುವೆಯಾಗಿ ಹೋಗುತ್ತಾಳೆ. ಒಂಟಿಯಾದ ಜೋ ಕಪ್ಪು ನಾವಿಕನೊಬ್ಬನಿಂದ ಬಸುರಾಗುತ್ತಾಳೆ. ಅವನೂ ಹಡಗು ಹತ್ತುತ್ತಾನೆ. ಜೊತೆಗೆ ನಿಲ್ಲುವವನು ಜೆಫ್ ಎಂಬ ಸಲಿಂಗಪ್ರೇಮಿ ಗೆಳೆಯ. ಅಡುಗೆ ಮಾಡಿ, ಕಸ ಗುಡಿಸಿ, ಕೂಸಿನ ಬಟ್ಟೆ ಹೊಲಿಯುವವನು ಅವನೇ. ಅವನಂಥವರ ಪ್ರೇಮ ಆ ದೇಶದಲ್ಲಿ ಅಪರಾಧವಾಗಿದ್ದ ಕಾಲ ಅದು.

ಇದನ್ನು ದಾರಿ ತಪ್ಪಿದ ಹುಡುಗಿಯ ಕಥೆ ಎಂದುಕೊಂಡರೆ ನಾಟಕ ಕೈತಪ್ಪುತ್ತದೆ. ಡೆಲನಿ ಬಸುರನ್ನು ಶಿಕ್ಷೆಯಾಗಿ ಬರೆದಿಲ್ಲ. ಮಗು ಎತ್ತಿಕೊಳ್ಳುವ ಅಭ್ಯಾಸಕ್ಕೆಂದು ಜೆಫ್ ಬೊಂಬೆ ತಂದಾಗ ಜೋ ಅದನ್ನು ಎಸೆದು, ತನಗೆ ತಾಯಿಯಾಗುವುದೂ ಬೇಡ, ಹೆಂಗಸಾಗುವುದೂ ಬೇಡ ಎಂದು ಕೂಗಾಡುತ್ತಾಳೆ. ಅದು ಮಗುವಿನ ಮೇಲಿನ ದ್ವೇಷ ಎಂದು ನನಗನ್ನಿಸುವುದಿಲ್ಲ. ಅವಳು ಹತ್ತಿರದಿಂದ ಕಂಡ ಹೆಂಗಸು ಹೆಲೆನ್ ಒಬ್ಬಳೇ. ನಲವತ್ತರ ಹತ್ತಿರ ಬಂದರೂ ದೊಡ್ಡವಳಾಗದ ಹೆಂಗಸು. ಹಾಗಾದರೆ ಜೋ ಯಾರನ್ನು ನೋಡಿ ಕಲಿಯಬೇಕು?

ನಾಟಕದಲ್ಲಿ ಕೊರತೆಯಿಲ್ಲವೆಂದಲ್ಲ. ನಾವಿಕನ ಮಾತುಗಳ ಮುಂದೆ ಹೆಸರಿನ ಬದಲು ಬರೀ 'ಹುಡುಗ' ಎಂದಿದೆ. ಕಥೆಗೆ ಬೇಕಾದಷ್ಟು ಹೊತ್ತು ಇದ್ದು ಹೋಗುವ ಅವನ ಬದುಕು ನಮಗೆ ದಕ್ಕುವುದಿಲ್ಲ.

ಕೊನೆಯಲ್ಲಿ ಮದುವೆ ಮುರಿದುಬಿದ್ದು ಹೆಲೆನ್ ಮರಳುತ್ತಾಳೆ, ಜೆಫ್‌ನನ್ನು ಸಾಗಹಾಕುತ್ತಾಳೆ. ಹುಟ್ಟುವ ಮಗು ಕಪ್ಪಿರಬಹುದೆಂದು ತಿಳಿದೊಡನೆ ಕುಡಿಯಲು ಹೊರಟುಬಿಡುತ್ತಾಳೆ. ಟೋನಿ ರಿಚರ್ಡ್‌ಸನ್ 1961ರಲ್ಲಿ ಮಾಡಿದ ಸಿನಿಮಾ ಜೋಳ ಕೈಗೆ ಸುರುಸುರುಬತ್ತಿ ಕೊಟ್ಟು, ಮಕ್ಕಳ ನಡುವೆ ಮುಗಿಯುತ್ತದೆ. ದೃಶ್ಯ ಚೆನ್ನಾಗಿದೆ, ಆದರೆ ಸಮಾಧಾನ ಮಾಡುತ್ತದೆ. ನಾಟಕದ ಜೋ ರಂಗದ ಮೇಲೆ ಒಬ್ಬಳೇ ಉಳಿಯುತ್ತಾಳೆ. ನನಗೆ ಇದೇ ಹೆಚ್ಚು ನಿಜವೆನಿಸುತ್ತದೆ. ಕಷ್ಟಕ್ಕೆ ಜೊತೆಯಲ್ಲಿ ನಿಲ್ಲುವುದೇ ದೊಡ್ಡತನವಾದರೆ, ಈ ಮನೆಯಲ್ಲಿ ಅದನ್ನು ಬಲ್ಲವನು ಜೆಫ್ ಒಬ್ಬನೇ ಆಗಿದ್ದ. ಅವನಿಂದ ಜೋ ಎಷ್ಟು ಕಲಿತಳು ಎಂಬುದು ಆ ಮಗುವಿಗೆ ಮಾತ್ರ ಗೊತ್ತಾಗಬೇಕು.