ಆಟ ಯಾರದು?

1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಆಟದಲ್ಲಿ ಪ್ರಕಾಶಕರು ಕೊಡುವುದು ಮುಖ್ಯವಾಗಿ ನಿಯಮ. ಮೇಜಿನ ಸುತ್ತ ಕೂತವರೇ ದಾಳ ಉರುಳಿಸಿ, ಪಾತ್ರವಾಗಿ ಮಾತಾಡಿ ಕತೆ ಕಟ್ಟುತ್ತಾರೆ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ದೊಡ್ಡಾಟ ಕಂಡವರಿಗೆ ಇದು ತೀರ ಅಪರಿಚಿತವಲ್ಲ. ಪ್ರತಿ ಮಾಸ್ತರರದು, ಅದಕ್ಕೆ ಜೀವ ಕೊಡುವವರು ಊರಿನವರು.

2000ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಆಟದ ಮೂಲ ನಿಯಮಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದನ್ನು ನಂಬಿ ಅಭಿಮಾನಿಗಳು, ಸಣ್ಣ ಪ್ರಕಾಶಕರು ಎರಡು ದಶಕ ಸಾಹಸಕತೆಗಳನ್ನು ಬರೆದರು, ಮಾರಿದರು. 2023ರ ಜನವರಿಯಲ್ಲಿ ಸೋರಿಕೆಯಾದ ಕರಡು ಆ ಪರವಾನಗಿಯನ್ನೇ ರದ್ದು ಮಾಡಹೊರಟಿತ್ತು, ವರ್ಷಕ್ಕೆ 7.5 ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇ 25ರವರೆಗೆ ರಾಯಲ್ಟಿ ಕೇಳಿತ್ತು. ಅನೇಕ ಅಭಿಮಾನಿಗಳು ಸಂಸ್ಥೆಯ ಆನ್‌ಲೈನ್ ಚಂದಾ ರದ್ದುಪಡಿಸಿದರು. ಅದೇ ತಿಂಗಳ 27ರಂದು ಸಂಸ್ಥೆ ಮಣಿದು, ನಿಯಮಗಳ 5.1 ಆವೃತ್ತಿಯನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟಿತು.

ಆ ರಾಯಲ್ಟಿ ತಟ್ಟುತ್ತಿದ್ದುದು ಕೆಲವೇ ದೊಡ್ಡವರಿಗೆ. ಉಳಿದವರೇಕೆ ಸಿಟ್ಟಾದರು? ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಬಹುದಾದರೆ ನಾಳೆ ಬರೆಯುವ ಧೈರ್ಯ ಯಾರಿಗೂ ಉಳಿಯದು. ಜತೆಗೆ ಬರೆದವರನ್ನು ಸಂಸ್ಥೆ ಬರೀ ಗಿರಾಕಿಗಳೆಂದು ಓದಿತು. ಈ ತಪ್ಪು ಓದೇ ನನಗೆ ಇಲ್ಲಿನ ಮುಖ್ಯ ಪ್ರಶ್ನೆ. ಮಾಸ್ತರರು ಪ್ರತಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬಹುದು. ರಂಗದ ಮೇಲೆ ಕುಣಿಯುವವರನ್ನು ಪೆಟ್ಟಿಗೆಗೆ ಹಾಕಲಾಗದು.