ಸೂಳೆಯರ್ ಎಂಬ ಬಹುವಚನ

ತರೀಕೆರೆ ಹತ್ತಿರದ ಅಮೃತಾಪುರದ ಗುಡಿಗೆ ಬರುವವರು ಮುಖಮಂಟಪದ ನುಣುಪು ಕಂಬಗಳಲ್ಲಿ ತಮ್ಮ ಮುಖ ನೋಡಿಕೊಂಡು, ಹೊರಗೋಡೆಯ ರಾಮಾಯಣ, ಭಾರತಗಳ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಶಾಸನದ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಶಿವನ ಗುಡಿಗೆ ಪದ್ಯ ಬರೆದುಕೊಟ್ಟವನು ಜೈನ ಕವಿ ಜನ್ನ! ಶಾಸನ ಓದುವ ಚಟ ಹತ್ತಿದವರಿಗೆ ಇನ್ನೊಂದು ಮಜವೂ ಉಂಟು. ಇವತ್ತು ಆಡಿದರೆ ಕಪಾಳಕ್ಕೆ ಬೀಳುವ ಮಾತು ಹಳೆಯ ಕಲ್ಲಿನ ಮೇಲೆ ರಾಜಮರ್ಯಾದೆಯಿಂದ ಕೂತಿರುತ್ತದೆ.

'ಸೂಳೆ'ಯನ್ನೇ ನೋಡಿ. ಬಾದಾಮಿ ಹತ್ತಿರದ ಮಹಾಕೂಟದ ಕಂಬವೊಂದರಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯ ದಾನ ಬರೆದಿದೆ. ಎಂಟನೆಯ ಶತಮಾನದ ಆಸುಪಾಸಿನ ಮಾತು. ಆಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಳು; ಹೊಲವನ್ನೂ ಬಿಟ್ಟಳು. ಬರೆದವನು ಆಕೆಯನ್ನು 'ವಿನಾಪೋಟಿಗಳ್' ಎಂದು ಕರೆದು, ಮುಂದೆ 'ಸೂಳೆಯರ್' ಎನ್ನುತ್ತಾನೆ. ಒಬ್ಬಳೇ ಹೆಂಗಸು, ಎರಡು ಕಡೆಯೂ ಗೌರವದ ಬಹುವಚನ. ಅಮ್ಮ, ಅಜ್ಜಿಯರ ಹೆಸರೂ ಅಲ್ಲೇ ಇವೆ. ಮುಚ್ಚಿಡುವಂಥದ್ದು ಇದ್ದಿದ್ದರೆ ಮೂರು ತಲೆಮಾರನ್ನು ಯಾರು ಕೆತ್ತಿಸುತ್ತಿದ್ದರು?

ಹನ್ನೆರಡನೆಯ ಶತಮಾನಕ್ಕೆ ಬಂದರೆ ಸೂಳೆ ಸಂಕವ್ವೆ. ಉಳಿದಿರುವುದು ಒಂದೇ ವಚನ. ಅಂಕಿತ 'ನಿರ್ಲಜ್ಜೇಶ್ವರ'. ಆ ಹೆಸರಿಟ್ಟುಕೊಳ್ಳುವ ಗುಂಡಿಗೆ ಬಸವಣ್ಣನ ಕಾಲದಲ್ಲೂ ಎಷ್ಟು ಜನರಿಗಿತ್ತೋ! ಸಂಕವ್ವೆಯ ಹೊತ್ತಿಗೆ ಮಾತಿಗೆ ಮುಳ್ಳು ಮೂಡಿತ್ತು ಎನ್ನುವುದು ನನ್ನ ಅಂದಾಜು. ಇಲ್ಲದಿದ್ದರೆ ಲಜ್ಜೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂಗ್ಲಿಷಿನ 'ಹೋರ್' ಕೂಡ ಹೀಗೇ ಇಳಿದು ಬಂದದ್ದು. 'ಪ್ರಿಯ' ಎನ್ನುವ ಲ್ಯಾಟಿನ್ನಿನ 'ಕಾರುಸ್' ಅದರ ದೂರದ ನೆಂಟ.

ತರೀಕೆರೆಯ ಪಕ್ಕದ ಚನ್ನಗಿರಿ ಸೀಮೆಯಲ್ಲಿ ಸೂಳೆಕೆರೆಯಿದೆ. ಶಾಂತವ್ವೆ ಎಂಬ ಅರಸುಮಗಳು ಕೆರೆ ಕಟ್ಟಿಸಲು ಹೊರಟಾಗ, ಆ ಜಾಗದಲ್ಲಿದ್ದ ಸೂಳೆಯರು ನಮ್ಮ ಹೆಸರಿಡುವುದಾದರೆ ಮನೆ ಬಿಡುತ್ತೇವೆ ಎಂದರಂತೆ. ಐತಿಹ್ಯ ಅಷ್ಟೇ, ಆದರೆ ಕರಾರು ಚೆನ್ನಾಗಿದೆ. ನಾಚಿಕೆಯವರು ಶಾಂತಿಸಾಗರ ಎಂದು ಬೋರ್ಡು ಬರೆಸಿದರು. ಸುತ್ತಲಿನವರ ಬಾಯಲ್ಲಿ ಈಗಲೂ ಅದು ಸೂಳೆಕೆರೆಯೇ.

ಈ ಮಾತು ಅಂಟಿಕೊಂಡಿದ್ದ ದೇವದಾಸಿ ಸೇವೆಯನ್ನು 1909ರಲ್ಲಿ ಮೈಸೂರು ಸಂಸ್ಥಾನ ಮುಜರಾಯಿ ಗುಡಿಗಳಲ್ಲಿ ನಿಲ್ಲಿಸಿತು. 1982ರಲ್ಲಿ ಕರ್ನಾಟಕದ ಕಾಯ್ದೆಯೇ ಬಂತು. ನಿಲ್ಲಬೇಕಾದದ್ದೇ, ನಿಂತದ್ದು ಒಳ್ಳೆಯದೇ. ಬೈಗುಳ ಮಾತ್ರ ಮಗನಿಗೆ ವರ್ಗವಾಯಿತು. ತಪ್ಪು ಮಾಡಿದವನು ಗಂಡಸು, ಬೈಸಿಕೊಳ್ಳುವವಳು ಊರಲ್ಲೇ ಇಲ್ಲದ ಅವನ ತಾಯಿ. ಬಸ್‌ಸ್ಟ್ಯಾಂಡಿನಲ್ಲಿ ಹಳೇ ಗೆಳೆಯರಿಬ್ಬರು ಸಿಕ್ಕರೆ ಅದೇ ಮಾತಿನಿಂದ ಬೆನ್ನು ತಟ್ಟಿಕೊಳ್ಳುತ್ತಾರೆ. ರಾಗ ಸ್ವಲ್ಪ ಏರಿತೋ, ಠಾಣೆ ಮೆಟ್ಟಿಲು. ಅಲ್ಲಿ ರೈಟರು 'ಅವಾಚ್ಯ ಶಬ್ದಗಳಿಂದ ನಿಂದಿಸಿ' ಎಂದು ಬರೆಯುತ್ತಾರೆ. ಅದರ ಹಿಂದೆಯೇ, ಆಡಬಾರದ ಆ ಶಬ್ದವನ್ನೂ ಅಕ್ಷರ ಬಿಡದೆ ದಾಖಲಿಸುತ್ತಾರೆ.