ಲೈನಕ್ಸ್ ಕರ್ನಲಿನ ನಿದ್ರಾಪ್ರಕರಣ: ಒಂದು ಪಾಠಪರಿಷ್ಕರಣದ ವಿಮರ್ಶೆ

ಗ್ರಂಥಗಳು ಕೆಡುವ ಬಗೆ ಎರಡು. ಲಿಪಿಕಾರನ ಪ್ರಮಾದದಿಂದ ಅಕ್ಷರವು ಕೆಡುವುದು ಒಂದು. ಇದನ್ನು ಪ್ರತ್ಯಂತರಗಳ ನೆರವಿನಿಂದ ತಿದ್ದಬಹುದು. ಒಂದಕ್ಷರವೂ ಕೆಡದಿರಲು, ವಾಕ್ಯವು ಹೇಳುವ ವಸ್ತುವೇ ಮಾರ್ಪಟ್ಟು, ನಿಜವಾಗಿದ್ದುದು ಸುಳ್ಳಾಗುವುದು ಮತ್ತೊಂದು. ಹನೂರು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ ಊರೆಂದು ಮದರಾಸು ಆಧಿಪತ್ಯದ ಕಾಲದಲ್ಲಿ ಬರೆದವನು ತಪ್ಪು ಬರೆಯಲಿಲ್ಲ. 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯು ಏರ್ಪಟ್ಟು ಆ ಸೀಮೆಯು ಅದರೊಳಗಾಯಿತು. ಅನಂತರ ಹನೂರೇ ಒಂದು ತಾಲ್ಲೂಕಿನ ಕೇಂದ್ರವಾಯಿತು. ಊರು ಇದ್ದಲ್ಲಿಯೇ ಇದೆ, ವಾಕ್ಯವೂ ಬರೆದಂತೆಯೇ ಇದೆ. ಆದರೂ ಅದನ್ನು ನಂಬಿ ಹೊರಟವನು ದಾರಿ ತಪ್ಪುವನು. ಇಂತಹ ವಾಕ್ಯವನ್ನು ಪರಿಷ್ಕರಿಸುವವನು ಹಳೆಯದನ್ನು ಅಳಿಸಬೇಕೆ, ಅಥವಾ ಅದಕ್ಕೆ ಕಾಲವನ್ನು ನಮೂದಿಸಿ ಉಳಿಸಬೇಕೆ ಎಂಬ ಪ್ರಶ್ನೆಯು ಓಲೆಗರಿಗಳಿಗೆ ಮಾತ್ರ ಸಂಬಂಧಪಟ್ಟುದಲ್ಲ. ಗಣಕಯಂತ್ರದ ಒಂದು ಶಾಸ್ತ್ರಗ್ರಂಥದಲ್ಲಿ ಅದು ಈಚಿನ ವರ್ಷಗಳಲ್ಲಿ ಬಹು ತೀಕ್ಷ್ಣವಾಗಿ ತಲೆದೋರಿದೆ.

1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬವರು ಆರಂಭಿಸಿದ ಲೈನಕ್ಸ್ ಕರ್ನಲ್ ಎಂಬುದು ಗಣಕಯಂತ್ರದ ಅಂಗಗಳೆಲ್ಲವನ್ನೂ ಆಳುವ ಮೂಲ ಕ್ರಮವಿಧಿ. ಕೋಡ್ ಎಂದು ರೂಢಿಯಾಗಿರುವ ಇದರ ಮೂಲಪಾಠದೊಡನೆ, ಅದನ್ನು ವಿವರಿಸುವ ಲೇಖನಗಳೂ ಒಂದೇ ಸಂಪುಟದಲ್ಲಿ ಸಂಚರಿಸುತ್ತವೆ. ಪ್ರಾಚೀನ ಗ್ರಂಥಗಳಲ್ಲಿ ಮೂಲದೊಡನೆ ಟೀಕು ಬಂದಂತೆ. ಈ ಲೇಖನಗಳಲ್ಲಿ 'ಪವರ್' ಎಂಬ ಹೆಸರಿನ ಒಂದು ವಿಭಾಗವುಂಟು. ಯಂತ್ರವು ವಿದ್ಯುತ್ತನ್ನು ಮಿತವಾಗಿ ಬಳಸುವುದು, ನಿದ್ರಿಸುವುದು, ಎಚ್ಚರಗೊಳ್ಳುವುದು ಇವು ಅದರ ವಿಷಯ. ಇದನ್ನು ನಿದ್ರಾಪ್ರಕರಣವೆಂದು ಕರೆದರೆ ತಪ್ಪಾಗಲಾರದು.

ಈ ಪ್ರಕರಣವು ಏಕಕರ್ತೃಕವಲ್ಲ. ಯಂತ್ರದ ಸ್ಮೃತಿಯನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಮಲಗಿಸುವ ಹೈಬರ್ನೇಷನ್ ಕ್ರಮವನ್ನು ಕುರಿತ ಹಳೆಯ ಲೇಖನದಲ್ಲಿ ಪಾವೆಲ್ ಮಾಖೆಕರ ಕೈ ಕಾಣುತ್ತದೆ. ಅದು ಪ್ರಶ್ನೋತ್ತರ ರೂಪದಲ್ಲಿ, ಅಲ್ಲಲ್ಲಿ ಪರಿಹಾಸದೊಡನೆ ಸಾಗುತ್ತದೆ. ನಿದ್ರೆಗೆ ಮುನ್ನ ಓಡುತ್ತಿರುವ ಕಾರ್ಯಗಳನ್ನು ಸ್ತಂಭನಗೊಳಿಸುವ ವಿಧಾನವನ್ನು 2007ರಲ್ಲಿ ರಾಫಾಯೆಲ್ ವಿಸೋಟ್ಸ್ಕಿಯವರು ನಿರೂಪಿಸಿದರು. ಅವರ ಶೈಲಿಯು ಶುಷ್ಕವಾದರೂ ಕ್ರಮಬದ್ಧವಾದುದು. ಬೆಂಗಳೂರಿನ ಐ.ಬಿ.ಎಮ್. ಲೈನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ಶ್ರೀವತ್ಸ ಎಸ್. ಭಟ್ಟರು 2011ರಿಂದ ಮತ್ತೊಂದು ಲೇಖನವನ್ನು ಸೇರಿಸಿದರು. ಹೀಗೆ ಹಲವು ಕೈಗಳಿಂದ, ಹಲವು ಕಾಲಗಳಲ್ಲಿ ಬೆಳೆದ ಸಂಕಲನದಲ್ಲಿ ಪರಿಭಾಷೆಯ ಅನೈಕ್ಯವೂ ಪುನರುಕ್ತಿಯೂ ಕೂಡಿಕೊಂಡುದು ಆಶ್ಚರ್ಯವಲ್ಲ.

ಪರಿಷ್ಕರಣವು ಎರಡು ಮುಖವಾಗಿ ನಡೆಯಿತು. 2016ರಲ್ಲಿ, ಜೊನಾಥನ್ ಕಾರ್ಬೆಟರ ಮೇಲ್ವಿಚಾರಣೆಯಲ್ಲಿ, ಕರ್ನಲಿನ ಲೇಖನಗಳಿಗೆ ಸ್ಫಿಂಕ್ಸ್ ಎಂಬ ಹೊಸ ರಚನಾಸಾಧನವು ಬಂದಿತು. ಅದಕ್ಕೆ ಹೊಂದುವಂತೆ ನಿದ್ರಾಪ್ರಕರಣದ ಲೇಖನಗಳನ್ನೂ 2019ರಲ್ಲಿ ಮಾವ್ರೊ ಕಾರ್ವಾಲ್ಯೊ ಶೆಹಾಬರು ಅಣಿಗೊಳಿಸಿದರು. ಅದೇ ವರ್ಷ ಪ್ರಕಟವಾದ 5.3ನೆಯ ಆವೃತ್ತಿಯಲ್ಲಿ ಅವು ಸೇರಿದವು. ಇದು ರೂಪದ ಪರಿಷ್ಕರಣ: ಶೀರ್ಷಿಕೆ, ಪಟ್ಟಿ, ಕೋಷ್ಟಕ, ಅನುಕ್ರಮಣಿಕೆ ಇವು ನೇರ್ಪಟ್ಟವು, ಅರ್ಥವು ಬಹುಮಟ್ಟಿಗೆ ಇದ್ದಂತೆಯೇ ಉಳಿಯಿತು. ಇದಕ್ಕೂ ಮೊದಲೇ, 2017ರಿಂದ, ವಿಸೋಟ್ಸ್ಕಿಯವರು ಮತ್ತೊಂದು ಬಗೆಯ ಕಾರ್ಯವನ್ನು ಕೈಗೊಂಡಿದ್ದರು. ಅವರು ವಾಚಕರನ್ನು ಎರಡು ವರ್ಗವಾಗಿ ಭಾವಿಸಿ, ಯಂತ್ರವನ್ನು ನಡೆಸುವವರಿಗೆ ಬೇಕಾದುದನ್ನೂ ಯಂತ್ರಾಂಗಗಳಿಗೆ ಕೋಡ್ ಬರೆಯುವವರಿಗೆ ಬೇಕಾದುದನ್ನೂ ಬೇರ್ಪಡಿಸಿ, ಹಲವು ಭಾಗಗಳನ್ನು ಹೊಸದಾಗಿಯೇ ಬರೆದರು. ಇಡೀ ಯಂತ್ರವನ್ನು ಮಲಗಿಸುವುದು, ಎಚ್ಚರವಿರುವಾಗಲೇ ಬೇಡವಾದ ಅಂಗಗಳನ್ನು ಮಲಗಿಸುವುದು ಎಂಬ ಎರಡು ನೀತಿಗಳ ವಿಭಾಗವು ಅಲ್ಲಿ ಮೊದಲಲ್ಲಿಯೇ ಸ್ಪಷ್ಟವಾಗಿ ನಿರೂಪಿತವಾಗಿದೆ. ಇದು ಅರ್ಥದ ಪರಿಷ್ಕರಣ.

ಎರಡರಲ್ಲಿ ಎರಡನೆಯದೇ ಕಷ್ಟವಾದುದೆಂಬುದಕ್ಕೆ ಪರಿಭಾಷೆಯಿಂದಲೇ ನಿದರ್ಶನ ದೊರೆಯುತ್ತದೆ. 'ಫ್ರೀಜ್' ಎಂಬ ಒಂದೇ ಪದವು ಈ ಪ್ರಕರಣದಲ್ಲಿ ಮೂರರ್ಥಗಳಲ್ಲಿ ಬಂದಿದೆ. ಕಾರ್ಯಗಳ ಸ್ತಂಭನವೆಂಬುದು ಒಂದು, ಹೈಬರ್ನೇಷನ್ನಿನಲ್ಲಿ ಯಂತ್ರಾಂಗಗಳಿಗೆ ವಿಧಿಸಿದ ಒಂದು ಘಟ್ಟವೆಂಬುದು ಎರಡು, 2013ರ 3.9ನೆಯ ಆವೃತ್ತಿಯಲ್ಲಿ ಬಂದ ಲಘುನಿದ್ರೆಯೆಂಬುದು ಮೂರು. ಮೂರನೆಯದಕ್ಕೆ ಲೇಖನಗಳಲ್ಲಿ 'ಸಸ್ಪೆಂಡ್-ಟು-ಐಡಲ್' ಎಂಬ ಬೇರೆ ಹೆಸರು ಬಂದಿದೆ. ಆದರೆ ಬಳಕೆದಾರನು ಯಂತ್ರಕ್ಕೆ ಬರೆದುಕೊಡಬೇಕಾದ ಪದವು ಹಿಂದಿನ 'ಫ್ರೀಜ್' ಎಂಬುದೇ. ಅದನ್ನು ಬದಲಿಸಿದರೆ, ಅದನ್ನು ನೆಚ್ಚಿದ ಇತರ ಕ್ರಮವಿಧಿಗಳು ಕೆಡುತ್ತವೆ. ಕ್ಲಿಷ್ಟಪಾಠವನ್ನು ಸುಲಭಪಾಠವಾಗಿಸುವ ಲಿಪಿಕಾರನ ಚಾಪಲ್ಯಕ್ಕೆ ಇಲ್ಲಿ ಎಡೆಯಿಲ್ಲ. ಮೂಲವನ್ನು ಮುಟ್ಟದೆ, ಟೀಕಿನಲ್ಲಿ ಭೇದವನ್ನು ತಿಳಿಸುವುದೊಂದೇ ಮಾರ್ಗ.

'ಮೆಮ್' ಎಂಬ ಪದದ ಚರಿತ್ರೆಯು ಇದಕ್ಕಿಂತಲೂ ಬೋಧಪ್ರದವಾಗಿದೆ. ಸ್ಮೃತಿಗೆ ಮಾತ್ರ ವಿದ್ಯುತ್ತನ್ನು ಉಳಿಸಿ ಮಿಕ್ಕುದನ್ನು ಆರಿಸುವ ಗಾಢನಿದ್ರೆಯನ್ನು ಅದು ಸೂಚಿಸುತ್ತಿತ್ತು. 2017ರ 4.10ನೆಯ ಆವೃತ್ತಿಯಿಂದ ಅದರ ಅರ್ಥವು ಮತ್ತೊಂದು ಸ್ಥಾನದಲ್ಲಿ ಬರೆದ ಆಯ್ಕೆಗೆ ಅಧೀನವಾಯಿತು. ಆ ಆಯ್ಕೆಗೆ ಅನುಸಾರವಾಗಿ ಅದೇ 'ಮೆಮ್' ಲಘುನಿದ್ರೆಯನ್ನೂ ಸೂಚಿಸಬಹುದು. ಹಳೆಯ ಲೇಖನವನ್ನು ಓದಿದವನು ಯಂತ್ರವು ಗಾಢನಿದ್ರೆಯಲ್ಲಿದೆಯೆಂದು ನಂಬಿರುವನು. ಅದು ಲಘುನಿದ್ರೆಯಲ್ಲಿದ್ದು ಬ್ಯಾಟರಿಯ ವಿದ್ಯುತ್ತನ್ನು ಹೆಚ್ಚಾಗಿ ವ್ಯಯಿಸುತ್ತಿರಬಹುದು. ಹನೂರಿನ ಜಿಲ್ಲೆ ಮಾರ್ಪಟ್ಟಂತೆಯೇ ಇದು: ಪದವು ಸ್ಥಿರ, ಅರ್ಥವು ಚರ.

ಇನ್ನು ಭಟ್ಟರ ಲೇಖನ. ಯಂತ್ರವು ನಡೆಯುತ್ತಿರುವಾಗಲೇ ಒಂದು ಸಿ.ಪಿ.ಯು.ವನ್ನು ಕೆಲಸದಿಂದ ಬಿಡಿಸುವುದಕ್ಕೂ ಸೇರಿಸುವುದಕ್ಕೂ ಹಾಟ್‌ಪ್ಲಗ್ ಎಂದು ಹೆಸರು. ಇಡೀ ಯಂತ್ರವನ್ನು ಮಲಗಿಸುವಾಗಲೂ ಈ ಕ್ರಮವೇ ಒಳಗೆ ಬಳಕೆಯಾಗುತ್ತದೆ. ಎರಡಕ್ಕೂ ಎಲ್ಲಿ ಸಾಮ್ಯ, ಎಲ್ಲಿ ಭೇದ ಎಂಬುದನ್ನು ಭಟ್ಟರು ಕೇವಲ ಅಕ್ಷರಗಳಿಂದ ರಚಿಸಿದ ರೇಖಾಚಿತ್ರದಿಂದ ತೋರಿಸಿದರು. ಚಿತ್ರಕ್ಕಿಂತಲೂ ಹಿರಿದಾದ ಗುಣವೊಂದು ಲೇಖನದ ಕೊನೆಯ ಭಾಗದಲ್ಲಿದೆ. ಎರಡು ಕ್ರಮಗಳೂ ಏಕಕಾಲದಲ್ಲಿ ನಡೆದರೆ ಒದಗುವ ದೋಷಗಳನ್ನು ಅಲ್ಲಿ ಮರೆಮಾಚದೆ ಪಟ್ಟಿಮಾಡಿದೆ. ಸಿ.ಪಿ.ಯು. ಒಂದನ್ನು ಸೇರಿಸುವ ಕಾರ್ಯವು ಮೈಕ್ರೋಕೋಡ್ ಎಂಬ ಒಳಪಾಠಕ್ಕಾಗಿ ಬಳಕೆದಾರನ ಕಡೆಯ ಕ್ರಮವಿಧಿಯನ್ನು ಎದುರುನೋಡುತ್ತಿರುತ್ತದೆ. ಅಷ್ಟರಲ್ಲಿ ಆ ಕ್ರಮವಿಧಿಯೇ ಸ್ತಂಭನಗೊಂಡಿರುತ್ತದೆ. ಎದುರುನೋಡುವುದನ್ನು ಬಿಡಿಸಲಾಗದು, ಆದುದರಿಂದ ಆ ಕಾರ್ಯವನ್ನು ಸ್ತಂಭನಗೊಳಿಸಲೂ ಆಗದು, ಕೊನೆಗೆ ಮಲಗಿಸುವ ಪ್ರಯತ್ನವೇ ಮುರಿದುಬೀಳುತ್ತದೆ. ಸ್ತಂಭನಕ್ಕೆ ಕರ್ನಲ್ ಸಾಧಾರಣವಾಗಿ ಕೊಡುವ ಅವಧಿ 20 ಸೆಕೆಂಡುಗಳು ಎಂಬುದನ್ನು ವಿಸೋಟ್ಸ್ಕಿಯವರ ಲೇಖನದಿಂದ ತಿಳಿದ ವಾಚಕನಿಗೆ ಈ ವೈಫಲ್ಯದ ಕಾರಣವು ಕಣ್ಣಿಗೆ ಕಟ್ಟುತ್ತದೆ.

ಈ ಲೇಖನವೂ ಕಾಲದ ಪೆಟ್ಟಿಗೆ ಹೊರತಾಗಲಿಲ್ಲ. ಹಾಟ್‌ಪ್ಲಗ್ಗಿನ ವಾರ್ತೆಯನ್ನು ಇತರ ಭಾಗಗಳಿಗೆ ಮುಟ್ಟಿಸುತ್ತಿದ್ದ ಹಳೆಯ ಏರ್ಪಾಡನ್ನು 2016ರ ಕೊನೆಯಲ್ಲಿ ಕೋಡಿನಿಂದ ತೆಗೆದುಹಾಕಲಾಯಿತು. ಅನಂತರ ಲೇಖನದ ಪಾಠವನ್ನೂ ಅದಕ್ಕೆ ತಕ್ಕಂತೆ ತಿದ್ದಲಾಗಿದೆ. ದೋಷಗಳ ಪಟ್ಟಿ ಉಳಿದಿದೆ. ಇದು ಶ್ಲಾಘ್ಯವಾದ ಸಂಪಾದನೆ. ಆದರೆ ಒಂದು ಕೊರತೆಯುಂಟು. ಲೇಖನದ ಶಿರೋಭಾಗದಲ್ಲಿ 2011ರಿಂದ 2014ರವರೆಗಿನ ವರ್ಷಗಳಿವೆ. ದೋಷಗಳನ್ನು ಯಾವ ಆವೃತ್ತಿಯಲ್ಲಿ ಕಂಡುದು, ಕೊನೆಯದಾಗಿ ಯಾವ ಆವೃತ್ತಿಯೊಡನೆ ಒರೆಹಚ್ಚಿದುದು ಎಂಬುದನ್ನು ಪಟ್ಟಿಯು ಹೇಳುವುದಿಲ್ಲ. ವರ್ತಮಾನಕಾಲದ ಕ್ರಿಯಾಪದಗಳಲ್ಲಿ ಬರೆದ ದೋಷವು ಎಂದೋ ಪರಿಹಾರವಾಗಿದ್ದರೂ ಇಂದಿನದಾಗಿಯೇ ಓದಿಗೆ ತೋರುತ್ತದೆ.

ಹಾಗೆಂದು, ಅನುಮಾನಾಸ್ಪದವಾದುದನ್ನೆಲ್ಲ ಕಿತ್ತೊಗೆಯುವುದು ಪರಿಷ್ಕರಣವಲ್ಲ. ಮಾಖೆಕರ ಲೇಖನವು ಆರಂಭದಲ್ಲಿಯೇ ದೊಡ್ಡಕ್ಷರಗಳ ಎಚ್ಚರಿಕೆಯೊಂದನ್ನು ಹೊತ್ತಿದೆ: ಮಲಗಿಸಿದ ಮೇಲೆ, ಎಬ್ಬಿಸುವ ಮುನ್ನ ಡಿಸ್ಕಿನಲ್ಲಿ ಏನನ್ನಾದರೂ ಮುಟ್ಟಿದರೆ ಅಲ್ಲಿರುವ ಸಂಗ್ರಹವೆಲ್ಲ ನಾಶವಾಗುವುದೆಂದು ಅದರ ತಾತ್ಪರ್ಯ. ಮಲಗುವಾಗ ಕರ್ನಲ್ ಡಿಸ್ಕಿನ ಸ್ಥಿತಿಯನ್ನು ಹೇಗೆಂದು ತಿಳಿದಿತ್ತೋ ಆ ತಿಳಿವಳಿಕೆಯೊಡನೆಯೇ ಏಳುತ್ತದೆ. ನಡುವೆ ಡಿಸ್ಕು ಬದಲಾಗಿದ್ದರೆ, ಹಳೆಯ ತಿಳಿವಳಿಕೆಯನ್ನು ಹೊಸ ಸ್ಥಿತಿಯ ಮೇಲೆ ಬರೆದು ಎರಡನ್ನೂ ಕೆಡಿಸುತ್ತದೆ. ಈ ಎಚ್ಚರಿಕೆಯ ಧಾಟಿ ಗ್ರಾಮ್ಯವೆಂದು ತೋರಬಹುದು. ಶಿಷ್ಟಶೈಲಿಯ ಮೋಹದಿಂದ ಅದನ್ನು ಮೃದುಗೊಳಿಸಿದ್ದರೆ ಯಾರದೋ ವರ್ಷಗಳ ಬರೆಹವು ಹಾಳಾಗುತ್ತಿತ್ತು. 2019ರ ಪರಿಷ್ಕರಣವು ಅದನ್ನು ಮುಟ್ಟದೆ, ಎದ್ದುಕಾಣುವಂತೆ ಉಳಿಸಿದುದು ಅದರ ಅತಿ ದೊಡ್ಡ ಗುಣವೆಂದು ಹೇಳಬೇಕು.

ಇಲ್ಲಿಯೇ ಒಂದು ಸಾದೃಶ್ಯವೂ ಗೋಚರಿಸುತ್ತದೆ. ಹಳೆಯ ತಿಳಿವಳಿಕೆಯೊಡನೆ ಎದ್ದು ಡಿಸ್ಕನ್ನು ಕೆಡಿಸುವ ಯಂತ್ರದ ಸ್ಥಿತಿಯೂ, ಹಳೆಯ ಲೇಖನವನ್ನು ನಂಬಿ ಕೋಡನ್ನು ತಿದ್ದಹೊರಟವನ ಸ್ಥಿತಿಯೂ ಒಂದೇ. ಇಬ್ಬರಿಗೂ ಬೇಕಾದುದು ತಮ್ಮ ತಿಳಿವಳಿಕೆಯು ಯಾವ ಕಾಲದ್ದೆಂಬ ಅರಿವು. ಆದಕಾರಣ ರೂಪದ ಶುದ್ಧಿಯನ್ನು ಮುಗಿಸಿದ ಪರಿಷ್ಕಾರಕರಿಗೆ ಮುಂದಿನ ಕರ್ತವ್ಯವು ಸ್ಪಷ್ಟವಾಗಿದೆ: ಕೋಡಿನಂತೆ ಬದಲಾಗುವ ಪ್ರತಿಯೊಂದು ಪ್ರತಿಜ್ಞೆಗೂ ಆವೃತ್ತಿಯ ಸಂಖ್ಯೆಯನ್ನು ಹಚ್ಚಬೇಕು, ದೋಷಗಳ ಪಟ್ಟಿಯನ್ನು ಅಳಿಸದೆ ಒರೆಹಚ್ಚಬೇಕು, ನಾನಾರ್ಥದ ಪದಗಳಿಗೆ ಒಂದು ನಿಘಂಟನ್ನು ಕೂಡಿಸಬೇಕು. ಪಾಠವನ್ನು ಅಂದಗೊಳಿಸುವ ಕೆಲಸವನ್ನು ಸಾಧನಗಳು ಮಾಡಬಲ್ಲವು. ಪಾಠವು ಇಂದಿಗೂ ನಿಜವೇ ಎಂದು ಮೂಲವನ್ನು ತೆರೆದು ನೋಡುವ ಕೆಲಸವು ಸಂಪಾದಕನದು. ಕಾವ್ಯವಾಗಲಿ ಕರ್ನಲಾಗಲಿ, ಅದನ್ನು ಬಿಟ್ಟರೆ ಸಂಪಾದನೆಯೆಂಬ ಹೆಸರಿಗೆ ಅರ್ಥವಿಲ್ಲ.